ಬೆಳಕಿಗಿಂತ ವೇಗವಾಗಿ ಹೋಗುವುದು ಸಾಧ್ಯವೋ, ಅಸಾಧ್ಯವೋ?

ಪ್ರಶ್ನೆ: ಬೆಳಕಿಗಿಂತ ವೇಗವಾಗಿ ಹೋಗೋಕೆ ಆಗಲ್ಲ ಅನ್ನುತ್ತದೆ ಭೌತವಿಜ್ಞಾನ. ತರ್ಕದ ಪ್ರಕಾರ ಅದು ಸಾಧ್ಯ ಅಂತಲೂ ಓದಿದ್ದೇನೆ. ಯಾವುದು ಸರಿ?

ಉತ್ತರ: ಎರಡೂ ಸರಿ. ‘ಸಾಧ್ಯ’ ಅಂದಾಗಲೆಲ್ಲ, ಯಾವ ನಿಯಮಗಳನ್ನು ಒಪ್ಪಿಕೊಂಡರೆ ಸಾಧ್ಯ ಅಂತ ಕೇಳಬೇಕು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸೆಕೆಂಡಿಗೆ 4 ಲಕ್ಷ ಕಿಲೋಮೀಟರ್ ಓಡುವ ರಾಕೆಟ್ಟಿನ ಕಥೆ ಬರೆದರೆ ಅದರೊಳಗೆ ವಿರೋಧವೇನೂ ಇಲ್ಲ. ಹಾಗಾಗಿ ತರ್ಕದ ಮಟ್ಟಿಗೆ ಅದು ಸಾಧ್ಯ. ನಾಲ್ಕು ಮೂಲೆಯ ತ್ರಿಕೋನದ ಕಥೆ ಹಾಗಲ್ಲ, ಅದು ಶುರುವಿನಲ್ಲೇ ಮುರಿದುಬೀಳುತ್ತದೆ. ಆದರೆ ನಮ್ಮ ಜಗತ್ತಿನ ಭೌತ ನಿಯಮಗಳನ್ನು ಹಾಗೇ ಇಟ್ಟುಕೊಂಡರೆ ಆ ರಾಕೆಟ್‌ಗೂ ಜಾಗವಿಲ್ಲ.

ಇದಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಅಮೆರಿಕದ ತತ್ವಜ್ಞಾನಿ ಸೋಲ್ ಕ್ರಿಪ್ಕಿ. ಸಂಗತಿಗಳು ಹೀಗೂ ಇರಬಹುದಿತ್ತು ಅನ್ನುವ ಒಂದೊಂದು ಬಗೆಯನ್ನೂ ಇಲ್ಲಿ ಒಂದೊಂದು ‘ಜಗತ್ತು’ ಅನ್ನುತ್ತಾರೆ. 1959ರಿಂದ 1963ರ ನಡುವೆ ಬಂದ ಅವನ ಲೇಖನಗಳ ತಿರುಳು ಇಷ್ಟು: ಲೆಕ್ಕಕ್ಕೆ ತೆಗೆದುಕೊಂಡ ಎಲ್ಲ ಜಗತ್ತುಗಳಲ್ಲೂ ನಿಜವಾದದ್ದು ಅನಿವಾರ್ಯ, ಒಂದರಲ್ಲಾದರೂ ನಿಜವಾದದ್ದು ಸಾಧ್ಯ. ಯಾವ ಜಗತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ.

ಜಾಸ್ತಿ ಎಡವುವುದು ಇನ್ನೊಂದು ಕಡೆ. ನಮಗೆ ಗೊತ್ತಿರುವುದರ ಮಟ್ಟಿಗೆ ‘ಇರಬಹುದು’ ಅನ್ನುತ್ತೇವಲ್ಲ, ಅಲ್ಲಿ. 1742ರಲ್ಲಿ ಗಣಿತಜ್ಞರಾದ ಗೋಲ್ಡ್‌ಬಾಕ್ ಮತ್ತು ಆಯ್ಲರ್ ನಡುವಿನ ಪತ್ರಗಳಲ್ಲಿ ಹುಟ್ಟಿದ ಊಹೆಯೊಂದಿದೆ: 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ. 28 ತಗೊಳ್ಳಿ, 11 ಮತ್ತು 17 ಕೂಡಿದರೆ ಆಯಿತು. 4ರ ಮುಂದೆ 18 ಸೊನ್ನೆ ಹಾಕಿದರೆ ಬರುವ ಸಂಖ್ಯೆಯವರೆಗೂ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದಾರೆ, ಎಲ್ಲೂ ತಪ್ಪಿಲ್ಲ. ಆದರೆ ಎಲ್ಲ ಸಮಸಂಖ್ಯೆಗಳಿಗೂ ಇದು ನಿಜ ಅನ್ನುವುದಕ್ಕೆ ಗಣಿತದ ಪುರಾವೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ‘ಇದು ಸುಳ್ಳಿರಬಹುದು’ ಅಂದರೆ ತಪ್ಪಲ್ಲ. ಆದರೆ ಗಣಿತದ ಸತ್ಯ ಜಗತ್ತಿನಿಂದ ಜಗತ್ತಿಗೆ ಬದಲಾಗುವುದಿಲ್ಲವಾದ್ದರಿಂದ, ಊಹೆ ನಿಜವಾಗಿದ್ದರೆ ಅದು ಸುಳ್ಳಾಗುವ ಜಗತ್ತೇ ಇಲ್ಲ. ಸುಳ್ಳಾಗಿದ್ದರೆ ನಿಜವಾಗುವ ಜಗತ್ತೂ ಇಲ್ಲ. ಅಂದರೆ ನಾವು ‘ಇರಬಹುದು’ ಅನ್ನುತ್ತಿರುವ ಎರಡರಲ್ಲಿ ಒಂದು ಖಂಡಿತ ಅಸಾಧ್ಯ! ‘ನನಗೆ ಕಲ್ಪಿಸಿಕೊಳ್ಳೋಕೆ ಆಗುತ್ತೆ, ಆದ್ದರಿಂದ ಅದು ಸಾಧ್ಯ’ ಅನ್ನುವ ವಾದವನ್ನು ಸುಮ್ನೆ ಒಪ್ಪಬಾರದು ಅನ್ನುವುದು ಇದಕ್ಕೇ.

ನೀರಿನ ವಿಷಯವೂ ಹೀಗೇ. ಅದು ಹೈಡ್ರೋಜನ್, ಆಕ್ಸಿಜನ್ ಸೇರಿ ಆದದ್ದು ಅಂತ ಪ್ರಯೋಗ ಮಾಡಿಯೇ ತಿಳಿಯಬೇಕಾಯಿತು. ಆದರೂ ನೀರು ಬೇರೇನೋ ಆಗಿರಲು ಸಾಧ್ಯವಿರಲಿಲ್ಲ, ಅಂಥ ಅನಿವಾರ್ಯತೆ ವಸ್ತುವಿನ ಸ್ವರೂಪದ್ದು ಅಂತ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ವಾದಿಸಿದ. ಎಲ್ಲರೂ ಇದನ್ನು ಒಪ್ಪಿಲ್ಲ. ನನಗಂತೂ ವಾದ ಗಟ್ಟಿಯಾಗಿಯೇ ಕಾಣುತ್ತದೆ.

ಕರ್ತವ್ಯದ ‘ಲೇಬೇಕು’ ಮಾತ್ರ ಬೇರೆ ಜಾತಿಯದು. ಎರಡಕ್ಕೆ ಎರಡು ಸೇರಿ ನಾಲ್ಕಾಗಲೇಬೇಕು ಅಂದರೆ ನಾಲ್ಕು ಆಗಿಯೇ ಇರುತ್ತದೆ. ಸಾಲ ತೀರಿಸಲೇಬೇಕು ಅಂದಮಾತ್ರಕ್ಕೆ ಸಾಲ ತೀರಿರುವುದಿಲ್ಲ, ಅಲ್ವಾ? ಅದಕ್ಕೇ ಕರ್ತವ್ಯದ ತರ್ಕದಲ್ಲಿ ‘ಆಗಲೇಬೇಕಾದದ್ದು ಆಗಿದೆ’ ಅನ್ನುವ ನಿಯಮವನ್ನು ಕೈಬಿಟ್ಟು, ‘ಮಾಡಲೇಬೇಕಾದದ್ದನ್ನು ಮಾಡಲು ಅನುಮತಿಯೂ ಇದೆ’ ಅನ್ನುವ ಸಡಿಲ ನಿಯಮವನ್ನು ಇಟ್ಟುಕೊಳ್ಳುತ್ತಾರೆ.