ನೆಲಹಾಸು ನಿರ್ಧಾರವಾಗದೆ ಮೆಟ್ಟಿಲಿನ ಲೆಕ್ಕ ಮುಗಿಯದು

ನಕ್ಷೆ ಒಪ್ಪಿಗೆಯಾಗಿ ಪಾಯದ ಕೆಲಸ ನಡೆಯುತ್ತಿರುವಾಗಲೇ ಮನೆ ಕಟ್ಟಿಸುವವರನ್ನು ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕೆಳಗಿನ ಹಜಾರಕ್ಕೆ ಟೈಲ್ಸೋ ಗ್ರಾನೈಟೋ, ಮೆಟ್ಟಿಲಿಗೆ ಏನು, ಮೇಲಿನ ಮಹಡಿಗೆ ಏನು? “ಅದೆಲ್ಲ ಆಮೇಲೆ ನೋಡೋಣ ಸಾರ್, ಮಳೆಗೆ ಮುಂಚೆ ಸ್ಲ್ಯಾಬ್ ಆಗಿಬಿಡಲಿ” ಎಂಬುದೇ ಸಾಮಾನ್ಯವಾಗಿ ಸಿಗುವ ಉತ್ತರ. ಮಡಿಕೇರಿ, ಭಾಗಮಂಡಲದ ಕಡೆ ಜೂನ್ ಕಾಲಿಟ್ಟ ಮೇಲೆ ಕಾಂಕ್ರೀಟ್ ಕೆಲಸ ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ ಆ ಅವಸರ ಅರ್ಥವಾಗುತ್ತದೆ. ಕಿಟಕಿಯ ಬಣ್ಣವನ್ನು ಆಮೇಲೆ ನೋಡಬಹುದು, ಅಡುಗೆಮನೆಯ ಕಪಾಟನ್ನೂ ಆಮೇಲೆ ನೋಡಬಹುದು. ನೆಲಹಾಸಿನ ದಪ್ಪವನ್ನು ಮಾತ್ರ ಮೆಟ್ಟಿಲಿನ ಎರಕಕ್ಕೆ ಮೊದಲೇ ನಿರ್ಧರಿಸಬೇಕು.

ಕಟ್ಟಡದ ತ್ರೀಡಿ ಮಾದರಿ ತಯಾರಿಸುವ ರೆವಿಟ್‌ನಂಥ ತಂತ್ರಾಂಶದಲ್ಲಿ ಮೆಟ್ಟಿಲು ರಚಿಸುವಾಗ ಕೆಳಗಿನ ಮಟ್ಟ, ಮೇಲಿನ ಮಟ್ಟ ಮತ್ತು ರೈಸರ್‌ಗಳ (ಒಂದು ಮೆಟ್ಟಿಲಿನಿಂದ ಮುಂದಿನದಕ್ಕಿರುವ ಏರಿಕೆಗಳ) ಸಂಖ್ಯೆಯನ್ನು ಕೊಟ್ಟರೆ, ನಡುವಿನ ಎತ್ತರವನ್ನು ಅದು ಸಮನಾಗಿ ಭಾಗಿಸಿ ಪರದೆಯ ಮೇಲೆ ಅಚ್ಚುಕಟ್ಟಾದ ಮೆಟ್ಟಿಲನ್ನು ನಿಲ್ಲಿಸುತ್ತದೆ. ಭಾಗಾಕಾರದಲ್ಲಿ ಅದು ತಪ್ಪುವುದಿಲ್ಲ. ಆದರೆ ನಾವು ಕೊಟ್ಟ ಮಟ್ಟ ಕಾಂಕ್ರೀಟಿನದೋ, ಟೈಲ್ಸ್ ಹಾಕಿ ಮುಗಿದ ನೆಲದ್ದೋ ಎಂಬುದು ಅದಕ್ಕೆ ತಿಳಿಯದು. ಮೊಬೈಲಿನಲ್ಲಿ ತ್ರೀಡಿ ಚಿತ್ರ ತೋರಿಸಿ, “ಇದರಲ್ಲಿ ಎಲ್ಲ ಮೆಟ್ಟಿಲೂ ಸಮನಾಗಿದ್ದವಲ್ಲ, ಕಟ್ಟುವಾಗ ಹೇಗೆ ಕೆಟ್ಟಿತು?” ಎಂದು ಕೇಳುವವರಿಗೆ ಈ ಒಂದು ವಿಷಯವನ್ನು ಮನಗಾಣಿಸಲು ನಾನು ಪಡುವ ಪಾಡು ಅಷ್ಟಿಷ್ಟಲ್ಲ. ಆದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ.

ಒಂದು ಸ್ಲ್ಯಾಬಿನ ಮೇಲ್ಮೈಯಿಂದ ಇನ್ನೊಂದರ ಮೇಲ್ಮೈಗೆ 3150 ಮಿ.ಮೀ. ಎಂದಿಟ್ಟುಕೊಳ್ಳೋಣ. 18 ರೈಸರ್ ಮಾಡಿದರೆ ಒಂದೊಂದೂ 175 ಮಿ.ಮೀ. ಆಗುತ್ತದೆ, ಮೇಸ್ತ್ರಿ ಹಾಗೆಯೇ ಎರಕ ಹಾಕುತ್ತಾರೆ. ಮುಂದೆ ಕೆಳಗಿನ ನೆಲಕ್ಕೆ ಗಾರೆ ಸೇರಿ 60 ಮಿ.ಮೀ. ದಪ್ಪದ ಟೈಲ್ಸ್, ಮೆಟ್ಟಿಲಿಗೆ ಗಾರೆ ಸೇರಿ 40 ಮಿ.ಮೀ. ಗ್ರಾನೈಟ್, ಮೇಲೆ ನೇರವಾಗಿ ಸ್ಲ್ಯಾಬಿನ ಮೇಲೆಯೇ 15 ಮಿ.ಮೀ. ಮರದ ನೆಲ ಬರುತ್ತದೆ. ಆಗ ಮೊದಲ ರೈಸರ್ 155 (175 + 40 − 60), ನಡುವಿನ ಹದಿನಾರೂ 175, ಕೊನೆಯದು 150 ಮಿ.ಮೀ. (175 + 15 − 40) ಆಗಿ ಕೂರುತ್ತವೆ. ಕಾಂಕ್ರೀಟ್ ಹಾಕಿದ ದಿನ ರಸಮಟ್ಟ ಇಟ್ಟು ನೋಡಿದರೂ ಯಾವ ದೋಷವೂ ಕಾಣುವುದಿಲ್ಲ, ಏಕೆಂದರೆ ದೋಷ ಇನ್ನೂ ಅಂಗಡಿಯಲ್ಲಿ ಟೈಲ್ಸ್ ಪೆಟ್ಟಿಗೆಯೊಳಗೇ ಇರುತ್ತದೆ.

“ಅರ್ಧ ಇಂಚು, ಒಂದು ಇಂಚು ತಾನೇ, ಅದೇನು ಮಹಾ?” ಎನ್ನುವವರಿದ್ದಾರೆ. ಮೆಟ್ಟಿಲು ಹತ್ತುವವರು ಪ್ರತಿ ಹೆಜ್ಜೆಯನ್ನೂ ನೋಡಿ ಇಡುವುದಿಲ್ಲ. ಎರಡು ಮೂರು ಮೆಟ್ಟಿಲಿನಲ್ಲೇ ಕಾಲು ಎತ್ತರವನ್ನು ಕಲಿತುಕೊಂಡು, ಉಳಿದದ್ದನ್ನು ಅದೇ ಲೆಕ್ಕದಲ್ಲಿ ಹತ್ತುತ್ತದೆ, ಇಳಿಯುತ್ತದೆ. ಅಮೆರಿಕದ ಕಟ್ಟಡ ಸಂಹಿತೆ ಒಂದೇ ಸಾಲಿನ ಅತಿ ಎತ್ತರದ ಮತ್ತು ಅತಿ ತಗ್ಗಿನ ರೈಸರ್‌ಗಳ ನಡುವೆ ಸುಮಾರು 9.5 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 25 ಮಿ.ಮೀ. ಆಯಿತು. ಮನೆಯವರು ಹೇಗೋ ಒಗ್ಗಿಕೊಳ್ಳುತ್ತಾರೆ ಎಂದೇ ಇಟ್ಟುಕೊಳ್ಳೋಣ. ಹೋಂಸ್ಟೇಗೆ ಬಂದ ಅತಿಥಿ, ಮಳೆಗಾಲದ ರಾತ್ರಿ ಕರೆಂಟ್ ಹೋದಾಗ, ಪರಿಚಯವಿಲ್ಲದ ಮೆಟ್ಟಿಲನ್ನು ಕತ್ತಲಲ್ಲಿ ಇಳಿಯುವಾಗ ಮೊದಲ ಹೆಜ್ಜೆಗೇ 150 ಸಿಕ್ಕಿ, ಎರಡನೆಯದಕ್ಕೆ ಕಾಲು ಗಾಳಿಯಲ್ಲಿ ಒಂದಿಂಚು ಹೆಚ್ಚು ಇಳಿದರೆ ಏನಾದೀತೆಂದು ಯೋಚಿಸಬೇಕು.

ಸರಿಯಾದ ಕ್ರಮವೆಂದರೆ ಮುಗಿದ ನೆಲದಿಂದ ಮುಗಿದ ನೆಲಕ್ಕೆ ಎತ್ತರ ಕೊಡುವುದು. ಮೇಲಿನ ಉದಾಹರಣೆಯಲ್ಲಿ ಅದು 3105 ಮಿ.ಮೀ. (3150 − 60 + 15); 18ರಿಂದ ಭಾಗಿಸಿದರೆ 172.5. ಇದನ್ನು ಸಾಧಿಸಲು ಕಾಂಕ್ರೀಟಿನಲ್ಲಿ ಮೊದಲ ರೈಸರ್ 192.5, ನಡುವಿನವು 172.5, ಕೊನೆಯದು 197.5 ಇರಬೇಕು. ಸಮನಾದ ಮೆಟ್ಟಿಲು ಬೇಕಾದರೆ ಕಾಂಕ್ರೀಟ್ ಅಸಮವಾಗಿಯೇ ಇರಬೇಕು ಎಂಬ ಈ ಮಾತನ್ನೇ ಯಾರೂ ಸುಲಭವಾಗಿ ನಂಬುವುದಿಲ್ಲ. ಸೋಮವಾರಪೇಟೆ ಕಡೆಯ ತೋಟದ ಮನೆಯೊಂದರಲ್ಲಿ, ಬಹಳ ನಿಷ್ಠೆಯ ಮೇಸ್ತ್ರಿಯೊಬ್ಬರು ನಕ್ಷೆಯಲ್ಲಿ ಮೊದಲ ಮತ್ತು ಕೊನೆಯ ಮೆಟ್ಟಿಲು ಹೆಚ್ಚಾಗಿರುವುದನ್ನು ಕಂಡು, ಕಚೇರಿಯ ಹುಡುಗರು ತಪ್ಪು ಬರೆದಿದ್ದಾರೆಂದು ತಿಳಿದು, ಸೆಂಟ್ರಿಂಗ್ ಬಿಚ್ಚಿಸಿ ಎಲ್ಲವನ್ನೂ ಸಮ ಮಾಡಿಸಿದ್ದರು. “ನಿಮ್ಮ ಹೆಸರು ಕೆಡಬಾರದು ಅಂತ ಸರಿಮಾಡ್ದೆ ಸಾರ್” ಎಂದಾಗ ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ. ಕಾಂಕ್ರೀಟ್ ಬೀಳುವ ಮೊದಲೇ ನಾನು ಹೋದದ್ದರಿಂದ ಹಲಗೆಗಳನ್ನು ಮತ್ತೆ ಹೊಂದಿಸಿದೆವು. ಆ ಮೇಲೆ ಮೆಟ್ಟಿಲಿನ ಛೇದಚಿತ್ರದಲ್ಲಿ ಕಾಂಕ್ರೀಟಿನ ಗೆರೆಯನ್ನೂ ನೆಲಹಾಸಿನ ಗೆರೆಯನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ, ಎರಡೂ ಅಳತೆಗಳನ್ನು ಕನ್ನಡದಲ್ಲೇ ಬರೆದುಕೊಡುತ್ತಿದ್ದೇವೆ.

ರೇಲಿಂಗ್‌ನ ತೊಂದರೆಯೂ ಇದೇ ಬೇರಿನದು. ಮಾದರಿಯಲ್ಲಿ ರೇಲಿಂಗ್ ಮೆಟ್ಟಿಲಿಗೇ ಅಂಟಿಕೊಂಡಿರುತ್ತದೆ. ಗ್ರಾನೈಟನ್ನು ಮಾದರಿಯಲ್ಲಿ ಸೇರಿಸದಿದ್ದರೆ ಒಂದು ಮೀಟರ್ ಎತ್ತರದ ರೇಲಿಂಗ್, ಕಲ್ಲು ಕೂತ ಮೇಲೆ 960 ಮಿ.ಮೀ.ಗೆ ಇಳಿಯುತ್ತದೆ. ಫ್ಯಾಬ್ರಿಕೇಟರ್ ಕಲ್ಲು ಹಾಕುವ ಮೊದಲೇ ಅಳತೆ ತೆಗೆದುಕೊಂಡು ಹೋದರೆ, ತುದಿಯ ಮೆಟ್ಟಿಲುಗಳ ಮೇಲಿನ ಕಂಬಗಳು ಉಳಿದವುಗಳ ಇಳಿಜಾರಿಗೆ ಹೊಂದುವುದಿಲ್ಲ; ವೆಲ್ಡಿಂಗ್ ಮಾಡಿದ ಚೌಕಟ್ಟನ್ನು ಸ್ಥಳದಲ್ಲೇ ಕತ್ತರಿಸಬೇಕಾಗುತ್ತದೆ. ನಮ್ಮ ಇಳಿಜಾರು ಜಾಗಗಳಲ್ಲಿ ಹಜಾರಕ್ಕೂ ಊಟದ ಕೋಣೆಗೂ ನಡುವೆ ನಾಲ್ಕೇ ಮೆಟ್ಟಿಲು ಬರುವ ಮನೆಗಳು ಸಾಕಷ್ಟಿವೆ. ಅಲ್ಲಿ ಮೊದಲ ಮತ್ತು ಕೊನೆಯವು ತಪ್ಪಿದರೆ ಅರ್ಧ ಮೆಟ್ಟಿಲೇ ತಪ್ಪಿದಂತೆ.

ಎರಕವಾಗಿ ಹೋಗಿದ್ದರೆ ದಾರಿಯೇ ಇಲ್ಲವೆಂದಲ್ಲ. ಮೇಲಿನ ಉದಾಹರಣೆಯಲ್ಲೇ, ಮರದ ನೆಲದ ಕೆಳಗೆ 25 ಮಿ.ಮೀ. ಗಾರೆ ಹಾಕಿದರೆ ಒಟ್ಟು ಎತ್ತರ 3130 ಆಗಿ, ಒಂದೊಂದು ರೈಸರ್ ಸುಮಾರು 173.9 ಬರುತ್ತದೆ. ಮೆಟ್ಟಿಲಿನ ಕಲ್ಲು ಮತ್ತು ಗಾರೆಯ ಒಟ್ಟು ದಪ್ಪವನ್ನು ಮೊದಲ ಮೆಟ್ಟಿಲಿನಲ್ಲಿ ಸುಮಾರು 59 ಮಿ.ಮೀ.ಯಿಂದ ಆರಂಭಿಸಿ, ಮೆಟ್ಟಿಲಿಗೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಇಳಿಸುತ್ತಾ ಹದಿನೇಳನೆಯದಕ್ಕೆ 41ಕ್ಕೆ ತಂದರೆ ಎಲ್ಲವೂ ಸಮನಾಗುತ್ತವೆ. ಆದರೆ ಆ ಗಾರೆ ಚದರ ಮೀಟರಿಗೆ ಸುಮಾರು 50 ಕಿಲೋ ಭಾರವನ್ನು ಸ್ಲ್ಯಾಬಿನ ಮೇಲೆ ಹೇರುತ್ತದೆ. ಬಾಗಿಲುಗಳ ಕೆಳಗೆ ಜಾಗ ಇದೆಯೇ, ಸ್ನಾನದ ಮನೆಯ ಹೊಸ್ತಿಲು ಏನಾಗುತ್ತದೆ ಎಂಬುದನ್ನೂ ನೋಡಬೇಕು. ನಿಮ್ಮ ಸ್ಲ್ಯಾಬನ್ನು ವಿನ್ಯಾಸ ಮಾಡಿದ ಎಂಜಿನಿಯರನ್ನು ಕೇಳದೆ ಗಾರೆ ಹಾಕಿಸಬೇಡಿ.