ಕಾಲಿನ ನೀರು ಎಲ್ಲಿಂದ ಬಂತು?

ಹಾರ್ಟ್ ಫೇಲ್ಯೂರ್ ಆದವರಿಗೆ ಕಾಲು ಯಾಕೆ ಊದಿಕೊಳ್ಳುತ್ತದೆ? ವಾರ್ಡಿಗೆ ಬರುವ ಮೆಡಿಕಲ್ ವಿದ್ಯಾರ್ಥಿಗಳ ಪ್ರತಿ ಬ್ಯಾಚಿಗೂ ಈ ಪ್ರಶ್ನೆ ಕೇಳುತ್ತೇನೆ. ಪ್ರತಿ ಬ್ಯಾಚೂ ಒಂದೇ ಉತ್ತರ ಕೊಡುತ್ತದೆ. "ಮೇಡಂ, ಹಾರ್ಟ್ ಸರಿಯಾಗಿ ಪಂಪ್ ಮಾಡಲ್ಲ. ರಕ್ತ ಹಿಂದೆ ನಿಂತ್ಕೊಳ್ಳುತ್ತೆ. ಪ್ರೆಶರ್ ಜಾಸ್ತಿಯಾಗಿ ನೀರು ಸೋರುತ್ತೆ." ಒಂದೇ ಉಸಿರಿಗೆ ಹೇಳಿ ಮುಗಿಸಿ, ಮುಂದಿನ ಪ್ರಶ್ನೆಗೆ ಕಾಯುತ್ತಾ ನಿಲ್ಲುತ್ತಾರೆ.

ತಪ್ಪು ಉತ್ತರವಲ್ಲ. ಪರೀಕ್ಷೆಯಲ್ಲಿ ಬರೆದರೆ ನಾನೇ ಅಂಕ ಕೊಡಬೇಕು. ನನಗೆ ಸಿಟ್ಟು ಬರುವುದು ಅದು ಅರ್ಧ ದಾರಿಯಲ್ಲಿ ನಿಂತುಬಿಡುತ್ತದಲ್ಲ, ಅದಕ್ಕೆ.

ಮೊನ್ನೆ ಮೂರನೇ ಬೆಡ್ಡಿನ ಅಜ್ಜನ ಹತ್ತಿರ ಇದೇ ನಡೆಯಿತು. ಮೊಣಕಾಲಿನವರೆಗೆ ಬಾವು. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ, ತುಂಬಾ ಹೊತ್ತು ಹಾಗೇ ಇರುತ್ತದೆ. ಮೂರು ವಾರದ ಹಿಂದಿನ ಚೀಟಿಯಲ್ಲಿ ತೂಕ 58 ಕೆಜಿ. ಈಗ 64.

"ಆರು ಕೆಜಿ ಅಂದ್ರೆ ಎಷ್ಟು ನೀರಪ್ಪ?"

"ಆರು ಲೀಟರ್, ಮೇಡಂ."

"ಈ ಅಜ್ಜನ ಮೈಯಲ್ಲಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಎಷ್ಟಿರಬಹುದು?"

"ಎರಡೂವರೆ... ಮೂರು ಲೀಟರ್."

"ಮೂರು ಲೀಟರಿನ ಬಿಂದಿಗೆಯಿಂದ ಆರು ಲೀಟರ್ ಸೋರಿತಾ?"

ಮೌನ. ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ "ಆಲ್ಬುಮಿನ್ ಕಡಿಮೆ?" ಅಂದ. ಆಲ್ಬುಮಿನ್ ಅಂದರೆ ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್. ಏನೂ ತೋಚದಿದ್ದರೆ ಅದರ ಹೆಸರು ಹೇಳುವುದು ನಮ್ಮಲ್ಲಿ ಹಳೇ ರೂಢಿ.

ರಕ್ತದ ನೀರಷ್ಟೇ ಸೋರಿದ್ದರೆ ಒಂದೆರಡು ಲೀಟರಿಗೇ ಬಿ.ಪಿ. ಕುಸಿದು ಅಜ್ಜ ನೆಲ ಹಿಡಿಯಬೇಕಿತ್ತು. ಅವರು ನೋಡಿದರೆ ಬಸ್ಸಿನಲ್ಲಿ ಬಂದಿದ್ದಾರೆ. ತೂಕವೂ ಏರಿದೆ. ಮೈಯೊಳಗಿನ ನೀರು ಇಲ್ಲಿಂದ ಅಲ್ಲಿಗೆ ಹೋದರೆ ತೂಕ ಯಾಕೆ ಏರಬೇಕು? ಅಂದರೆ ಆ ಆರು ಲೀಟರ್ ಹೊರಗಿನಿಂದ ಬಂದದ್ದು. ಕುಡಿದು, ಉಂಡು ಬಂದದ್ದು. ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಹೋಗಗೊಡದೆ ಹಿಡಿದಿಟ್ಟದ್ದು ಕಿಡ್ನಿ.

ಹಿಂದೆ ಒತ್ತಡ ಏರುತ್ತದೆ ಅನ್ನುವುದೂ ನಿಜವೇ. ಆದರೆ ಅದು ನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಓಡಾಡುವವರಿಗೆ ಕಾಲಿನಲ್ಲಿ. ಮಲಗೇ ಇರುವವರಿಗೆ ಸೊಂಟದ ಹಿಂಭಾಗದಲ್ಲಿ. ಹಾಸಿಗೆ ಹಿಡಿದವರ ಕಾಲು ಮಾತ್ರ ನೋಡಿ 'ಬಾವು ಇಲ್ಲ' ಎಂದು ಕೇಸ್ ಶೀಟಿನಲ್ಲಿ ಬರೆದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅಷ್ಟೊಂದು ನೀರು ಸೇರಿದ್ದು ಹೇಗೆ ಎನ್ನುವುದಕ್ಕೆ ಕಿಡ್ನಿಯನ್ನೇ ಕೇಳಬೇಕು.

ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ಮೈಯೆಲ್ಲ ನೀರಿರುವಾಗ ಕಿಡ್ನಿಗೆ ಇನ್ನೂ ಹಿಡಿದಿಡುವ ಹುಚ್ಚು ಯಾಕೆ?

ಇಲ್ಲಿ ನಾನು ನೀರಗಂಟಿಯನ್ನು ಕರೆತರುತ್ತೇನೆ. ಬೆಂಗಳೂರಿನ ಮಕ್ಕಳಿಗೆ ಆ ಪದವೇ ಗೊತ್ತಿರುವುದಿಲ್ಲ. ಈ ಸಲದ ಬ್ಯಾಚಿನಲ್ಲಿ ಕೋಲಾರದ ಕಡೆಯ ಹುಡುಗಿಯೊಬ್ಬಳು "ನಮ್ಮ ತಾತ ನೀರಗಂಟಿ ಆಗಿದ್ರು, ಮೇಡಂ" ಅಂದಳು. ನನ್ನ ಅರ್ಧ ಕೆಲಸ ಅವಳೇ ಮಾಡಿದಳು. ಊರ ಕೆರೆಯ ನೀರನ್ನು ಅಳೆದು ಹಂಚುವವನು ನೀರಗಂಟಿ. ಅವನು ಕಾಲುವೆಯ ಕೊನೆಯಲ್ಲಿ ನಿಂತಿದ್ದಾನೆ ಅಂದುಕೊಳ್ಳಿ. ಅಲ್ಲಿಂದ ಅವನಿಗೆ ಕೆರೆ ಕಾಣುವುದಿಲ್ಲ. ಕಾಣುವುದು ಕಾಲುವೆಯಲ್ಲಿ ಬರುವ ನೀರಷ್ಟೇ. ಕಾಲುವೆಗೆ ಹೂಳು ತುಂಬಿ ನೀರು ಸಣ್ಣಗಾಯಿತು. ಕೆರೆ ಬತ್ತಿತು ಎಂದು ಅವನು ಗಾಬರಿಯಾಗುತ್ತಾನೆ. ಹೋಗಿ ಕೋಡಿಗೆ ಮರಳಿನ ಮೂಟೆ ಒಡ್ಡಿಸುತ್ತಾನೆ, ಒಂದು ಹನಿಯೂ ಪೋಲಾಗಬಾರದು ಅಂತ. ಕೆರೆ ಮೊದಲೇ ತುಂಬಿತ್ತು. ಈಗ ಹಿನ್ನೀರು ಏರಿ ಮೇಲಿನ ಗದ್ದೆಗಳೆಲ್ಲ ಮುಳುಗುತ್ತವೆ.

ನೀರಗಂಟಿ ಕಿಡ್ನಿ. ಹೂಳು ತುಂಬಿದ ಕಾಲುವೆ ಹೃದಯ. ಕೋಡಿಯಲ್ಲಿ ಹೋಗಬೇಕಿದ್ದದ್ದು ಮೂತ್ರ. ಮುಳುಗಿದ ಗದ್ದೆ ಅಜ್ಜನ ಕಾಲು. ಕೆರೆಯನ್ನು ಕಣ್ಣಾರೆ ನೋಡಿದ್ದರೆ ನೀರಗಂಟಿ ಹಾಗೆ ಮಾಡುತ್ತಿರಲಿಲ್ಲ ಅಲ್ವಾ? ಹೋಲಿಕೆ ಅಲ್ಲಲ್ಲಿ ಕುಂಟುತ್ತದೆ, ಇರಲಿ.

ಕಿಡ್ನಿಗೆ ಇದು ಹುಟ್ಟಿನಿಂದ ಬಂದ ಬುದ್ಧಿ. ತನಗೆ ಬರುವ ರಕ್ತ ಕಡಿಮೆಯಾದರೆ, ಎಲ್ಲೋ ಗಾಯವಾಗಿ ರಕ್ತ ಹರಿದಿದೆ ಅಥವಾ ವಾಂತಿ ಭೇದಿಯಾಗಿದೆ ಎಂದೇ ಅದರ ಲೆಕ್ಕ. ಅಂಥ ಹೊತ್ತಿನಲ್ಲಿ ಉಪ್ಪು, ನೀರು ಉಳಿಸಿಕೊಂಡರೆ ಜೀವ ಉಳಿಯುತ್ತದೆ. ಸೋತ ಹೃದಯ ಅದಕ್ಕೆ ಗೊತ್ತೇ ಇಲ್ಲದ ವಿಷಯ. ಹಾಗಾಗಿ ರೆನಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಸ್ಟಾಕ್‌ಹೋಮಿನಲ್ಲಿ ಇಬ್ಬರು ಮೊಲದ ಕಿಡ್ನಿಯಿಂದ ಇದನ್ನು ತೆಗೆದು ತೋರಿಸಿದ್ದು 1898ರಲ್ಲಿ. ರೆನಿನ್‌ನಿಂದ ಆಂಜಿಯೋಟೆನ್ಸಿನ್, ಅದರಿಂದ ಕಿಡ್ನಿಯಲ್ಲಿ ಉಪ್ಪು ಹಿಡಿದಿಡಿಸುವ ಆಲ್ಡೋಸ್ಟಿರೋನ್. ಈ ಸರಪಳಿ ನಮ್ಮ ಹುಡುಗರಿಗೆ ನಿದ್ದೆಯಲ್ಲೂ ಬರುತ್ತದೆ. ಅದು ಮೂರನೇ ಬೆಡ್ಡಿನಲ್ಲಿ ಮಲಗಿದೆ ಅನ್ನುವುದು ಮಾತ್ರ ಹೊಳೆಯುವುದಿಲ್ಲ.

ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಮೂತ್ರವಾಗುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸ್. ಅಂಥದ್ದರಲ್ಲಿ ದಿನಕ್ಕೆ ಒಂದು ದೊಡ್ಡ ಲೋಟ, ಅಂದರೆ 300 ಎಂ.ಎಲ್. ಜಾಸ್ತಿ ಉಳಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಮೂರು ವಾರಕ್ಕೆ ಆರು ಲೀಟರ್ ದಾಟಿತು.

ಉಪ್ಪಿಲ್ಲದೆ ಈ ನೀರು ಮೈಯಲ್ಲಿ ನಿಲ್ಲುವುದಿಲ್ಲ. ನಾರ್ಮಲ್ ಸಲೈನ್ ಬಾಟಲಿಯ ಮೇಲೆ 0.9% ಎಂದಿರುತ್ತದೆ, ಲೀಟರಿಗೆ 9 ಗ್ರಾಂ ಉಪ್ಪು. ಬಾವಿನ ನೀರೂ ಹೆಚ್ಚುಕಡಿಮೆ ಅಷ್ಟೇ ಉಪ್ಪು. ಆರು ಲೀಟರಿಗೆ 54 ಗ್ರಾಂ. ಒಂದು ವರ್ಷ ಮನೆಯಿಂದ 54 ಗ್ರಾಂ ಉಪ್ಪನ್ನು ಪೇಪರಿನಲ್ಲಿ ಕಟ್ಟಿಕೊಂಡು ಹೋಗಿ ಹುಡುಗರ ಮುಂದೆ ಬಿಚ್ಚಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಹತ್ತು ದಿನಕ್ಕೂ ಮಿಕ್ಕಿದ ಉಪ್ಪು ಇಂಥ ಊದಿದ ಕಾಲಿನಲ್ಲಿದೆ ಅಂದಾಗ ಒಬ್ಬಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ನಾವು ಪೇಷಂಟಿಗೆ ಹೇಳುವುದೇನು? 'ನೀರು ಕಡಿಮೆ ಕುಡೀರಿ.' ಅಜ್ಜ ಪಾಪ ಬಾಯಿ ಒಣಗಿಸಿಕೊಂಡು ಕೂತಿದ್ದರು. ಜೊತೆಗೆ ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ. ಉಪ್ಪಿನಕಾಯಿಯ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ. ಒಂದು ಎಚ್ಚರಿಕೆ: ನಿಮ್ಮ ಡಾಕ್ಟರ್ ಅಳತೆ ಮಾಡಿ ನೀರು ಕುಡಿಯಲು ಹೇಳಿದ್ದರೆ ಇದನ್ನು ಓದಿ ಬಿಟ್ಟುಬಿಡಬೇಡಿ. ಕೆಲವರಿಗೆ ಅದು ಬೇಕೇ ಬೇಕು. 'ಲೋ ಸೋಡಿಯಂ' ಉಪ್ಪಿಗೂ ಕೇಳದೆ ಬದಲಾಯಿಸಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯದ ಕೆಲವು ಮಾತ್ರೆಗಳ ಜೊತೆ ಅಪಾಯ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿಕೊಂಡರೆ ಅದರ ಕತೆಯೇ ಬೇರೆ, ತಡ ಮಾಡದೆ ತೋರಿಸಿ.

ಇಷ್ಟು ತಿಳಿದರೆ ಔಷಧಿ ಬಾಯಿಪಾಠ ಮಾಡಬೇಕಾಗಿಲ್ಲ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಮೈ ಊದಿಕೊಂಡವರಿಗೆ ಫಾಕ್ಸ್‌ಗ್ಲೋವ್ ಗಿಡದ ಎಲೆ ಕೊಟ್ಟದ್ದನ್ನು ಬರೆದಿಟ್ಟ. ಕೆಲವರಿಗೆ ಮೂತ್ರ ಧಾರಾಳವಾಗಿ ಹೋಗಿ ಬಾವು ಇಳಿಯಿತು. ಎಲೆ ಕೆಲಸ ಮಾಡಿದ್ದು ಹೃದಯದ ಮೇಲೆ, ಕೋಡಿ ಬಿದ್ದದ್ದು ಕಿಡ್ನಿಯಲ್ಲಿ. ಆಮೇಲೆ 1987ರಲ್ಲಿ ಎನಲಾಪ್ರಿಲ್, 1999ರಲ್ಲಿ ಸ್ಪೈರೊನೊಲ್ಯಾಕ್ಟೋನ್ ತೀರಾ ಸೋತ ಹೃದಯದವರಲ್ಲೂ ಸಾವು ಕಡಿಮೆ ಮಾಡುತ್ತವೆ ಎಂದು ಗೊತ್ತಾಯಿತು. ಎರಡೂ ಆ ರೆನಿನ್ ಸರಪಳಿಯನ್ನು ತಡೆದು ನೀರಗಂಟಿಯ ಗಾಬರಿ ಇಳಿಸುವ ಔಷಧಿಗಳೇ.

ಹಾಗಂತ ಕಾರ್ಯಕಾರಣ ಗೊತ್ತಾದ ಕೂಡಲೇ ಹಾರಾಡಬೇಡಿ ಎಂದೂ ಹೇಳುತ್ತೇನೆ. ಹೃದಯ ಬಲಹೀನ, ಬಲವಾಗಿ ಬಡಿಯುವ ಹಾಗೆ ಮಾಡೋಣ ಅನ್ನುವುದು ಕೇಳಲು ಚೆಂದ. ಮಿಲ್ರಿನೋನ್ ಮಾತ್ರೆ ಅದನ್ನೇ ಮಾಡುತ್ತಿತ್ತು. 1991ರ ಪರೀಕ್ಷೆಯಲ್ಲಿ ಅದನ್ನು ತಗೊಂಡವರೇ ಜಾಸ್ತಿ ಸತ್ತರು. ಹೃದಯದ ವೇಗ ತಗ್ಗಿಸುವ ಬೀಟಾ ಬ್ಲಾಕರ್‌ಗಳನ್ನು ಇವರಿಗೆ ಮುಟ್ಟಿಸಲೇಬೇಡಿ ಅನ್ನುತ್ತಿದ್ದ ಕಾಲವಿತ್ತು. ಈಗ ಮುಖ್ಯ ಔಷಧಿಗಳಲ್ಲಿ ಅವೂ ಸೇರಿವೆ.

ಬಾವು ಕಂಡ ಕೂಡಲೇ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಬರೆಯುವವರ ಮೇಲೂ ನನಗೊಂದು ದೂರಿದೆ. ಬಿ.ಪಿ.ಗೆ ಆಮ್ಲೋಡಿಪಿನ್ ತಗೊಳ್ಳುತ್ತಿದ್ದ ಒಬ್ಬ ಟೀಚರ್ ಬಂದಿದ್ದರು. ಸಂಜೆಯಾದರೆ ಪಾದದ ಗಂಟಿನಲ್ಲಿ ಬಾವು. ಯಾರೋ ಫ್ಯೂರೋಸೆಮೈಡ್ ಎಂಬ ನೀರಿನ ಮಾತ್ರೆ ಬರೆದಿದ್ದರು. ಬಾವು ಇಳಿಯಲಿಲ್ಲ, ಪೊಟ್ಯಾಸಿಯಂ ಇಳಿಯಿತು. ಅದಕ್ಕೊಂದು ಸಿರಪ್ ಸೇರಿತು. ಅವರ ತೂಕ ಏರಿರಲೇ ಇಲ್ಲ! ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ನೀರು ಜಿನುಗಿಸುತ್ತದೆ. ಕಿಡ್ನಿ ಉಪ್ಪು ಹಿಡಿದಿಟ್ಟು ಬಂದ ಬಾವಲ್ಲ ಅದು. ಬಿ.ಪಿ. ಮಾತ್ರೆ ಬದಲಿಸಿದೆವು, ಉಳಿದೆರಡನ್ನೂ ನಿಲ್ಲಿಸಿದೆವು. ಬಾವು ತಾನಾಗಿಯೇ ಹೋಯಿತು.

ನಮ್ಮ ಹುಡುಗರಿಗೆ ಬುದ್ಧಿ ಇಲ್ಲ ಅಂತಲ್ಲ. ನೀಟ್ ದಾಟಿ ಬಂದವರು. ನಾಲ್ಕರಲ್ಲಿ ಒಂದನ್ನು ಗುರುತಿಸಿ ಮುಂದೆ ಓಡು ಎಂದು ವರ್ಷಗಟ್ಟಲೆ ಹೇಳಿಕೊಟ್ಟವರು ನಾವೇ ತಾನೆ.

ಐದನೇ ದಿನ ಅಜ್ಜನ ತೂಕ 59. ಡಿಸ್ಚಾರ್ಜ್ ಚೀಟಿ ಬರೆಯಲು ಕೋಲಾರದ ಹುಡುಗಿಯನ್ನೇ ಕೂರಿಸಿದೆ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ, ಏರುತ್ತಾ ಹೋದರೆ ಕಾಲು ಊದಿಕೊಳ್ಳುವವರೆಗೆ ಕಾಯದೆ ಬನ್ನಿ ಎಂದಳು. ಉಪ್ಪಿನಕಾಯಿ ಬೇಡ ಎಂದಳು. ಅಜ್ಜಿ ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಬಾಗಿಲವರೆಗೆ ಹೋದವರು ಒಬ್ಬರೇ ತಿರುಗಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದರು.

"ಹಪ್ಪಳ ಒಂದೇ ಒಂದು ಕೊಡಬಹುದಾ ಮಗಾ?"

ಅವಳು ನನ್ನ ಮುಖ ನೋಡಲಿಲ್ಲ. "ಹಪ್ಪಳದ ಹಿಟ್ಟಿಗೆ ಉಪ್ಪು ಎಷ್ಟು ಹಾಕ್ತೀರಿ ಅಜ್ಜಿ?" ಎಂದು ಕೇಳಿ, ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದಳು.