ಭೇದಿ ನಿಲ್ಲಿಸುವ ಮಾತ್ರೆ ಪುಟ್ಟ ಮಕ್ಕಳಿಗೆ ಏಕೆ ಬೇಡ

ಮಗುವಿಗೆ ಭೇದಿ ಶುರುವಾದರೆ ಮನೆಯವರು ಎಷ್ಟು ಸಲ ಆಯಿತು, ಯಾವಾಗ ನಿಲ್ಲುತ್ತದೆ ಎಂದೇ ಎಣಿಸುತ್ತಿರುತ್ತಾರೆ. ಆದರೆ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಲವಣ. ದೊಡ್ಡವರು ನುಂಗುವ ಲೋಪೆರಮೈಡ್ ಮಾತ್ರೆ ಭೇದಿಯ ಸಂಖ್ಯೆಯನ್ನು ಇಳಿಸಬಹುದು. ಆಗಲೇ ಹೋದ ನೀರನ್ನು ಮಾತ್ರ ಅದು ಮರಳಿಸಲಾರದು.

ಲೋಪೆರಮೈಡ್ ಅಫೀಮಿನ ಗುಂಪಿನ ಔಷಧಿಗಳಂತೆಯೇ ಕೆಲಸ ಮಾಡುತ್ತದೆ. ಕರುಳಿನ ಗೋಡೆಯ ನರಜಾಲದಲ್ಲಿರುವ ಓಪಿಯಾಯ್ಡ್ ರಿಸೆಪ್ಟರ್‌ಗಳಿಗೆ (ಅಫೀಮಿನಂಥ ಔಷಧಿಗಳು ಕೂರುವ ತಾಣಗಳಿಗೆ) ಅಂಟಿಕೊಂಡು ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ದೊಡ್ಡವರಲ್ಲಿ ಮಾಮೂಲಿ ಪ್ರಮಾಣದಲ್ಲಿ ಇದು ಮಿದುಳಿಗೆ ಹೋಗುವುದಿಲ್ಲ ಎನ್ನಬಹುದು. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಒಳನುಗ್ಗಿದ ಔಷಧಿಯನ್ನು ಮತ್ತೆ ಹೊರಗೆ ದಬ್ಬುತ್ತದೆ. ಹಸುಗೂಸುಗಳಲ್ಲಿ ಈ ಕಾವಲು ಇನ್ನೂ ಬಲಿತಿರುವುದಿಲ್ಲ. ಔಷಧಿ ಮಿದುಳನ್ನು ಮುಟ್ಟಿದರೆ ಮಗು ಮಂಕಾಗುತ್ತದೆ, ಉಸಿರು ನಿಧಾನವಾಗುತ್ತದೆ. ತೂಕದ ಲೆಕ್ಕವೂ ಇದೆ. 2 ಮಿಲಿಗ್ರಾಂನ ಒಂದು ಮಾತ್ರೆ 60 ಕಿಲೋ ತೂಕದವರಿಗೆ ಕಿಲೋಗೆ ಸುಮಾರು 0.03 ಮಿಲಿಗ್ರಾಂ ಬಿದ್ದರೆ, 8 ಕಿಲೋ ತೂಕದ ಕೂಸಿಗೆ 0.25 ಮಿಲಿಗ್ರಾಂ ಬೀಳುತ್ತದೆ.

ಇನ್ನೂ ಕೆಟ್ಟದ್ದು ಕರುಳು ಪೂರ್ತಿ ಸ್ತಬ್ಧವಾಗುವುದು. ಆಗ ಭೇದಿ ನಿಲ್ಲುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಮಾತ್ರ ಕರುಳಿನೊಳಕ್ಕೆ ನೀರು ಸುರಿಯುತ್ತಲೇ ಇದ್ದು ಅಲ್ಲೇ ಮಡುಗಟ್ಟುತ್ತದೆ. ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿಯಾಗಬಹುದು. ಹೊರಗೆ ಏನೂ ಕಾಣದೆಯೇ ಮಗು ಒಣಗುತ್ತಿರುತ್ತದೆ. ಪಾಕಿಸ್ತಾನದಲ್ಲಿ ಲೋಪೆರಮೈಡ್ ಹನಿ ಕುಡಿದ ಕೂಸುಗಳು ಹೀಗೆ ಕರುಳು ಸ್ತಬ್ಧವಾಗಿ ತೀರಿಕೊಂಡ ಮೇಲೆ, 1990ರಲ್ಲಿ ಆ ಹನಿಯನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯೊಂದರಲ್ಲಿ, ಲೋಪೆರಮೈಡ್ ಪಡೆದ 900ಕ್ಕೂ ಹೆಚ್ಚು ಮಕ್ಕಳಲ್ಲಿ 8 ಮಂದಿಗೆ ಗಂಭೀರ ತೊಂದರೆಯಾಗಿತ್ತು; ಎಲ್ಲರೂ 3 ವರ್ಷದೊಳಗಿನವರು. ಹುಸಿಮದ್ದು ಪಡೆದ ಮಕ್ಕಳಲ್ಲಿ ಒಬ್ಬರಿಗೂ ಆಗಿರಲಿಲ್ಲ. ಸುಮಾರು ಒಂದು ದಿನ ಮೊದಲು ನಿಲ್ಲಬಹುದಾದ ಭೇದಿಗಾಗಿ ತೆರುವ ಬೆಲೆ ಇದಾದರೆ, ಅದು ತೀರಾ ದುಬಾರಿ.

2 ವರ್ಷದೊಳಗಿನ ಮಕ್ಕಳಿಗೆ ಈ ಮಾತ್ರೆ ಕೊಡಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ವೈದ್ಯರು ನೋಡಿ ಹೇಳದೆ ಬೇಡ. ಮಲದಲ್ಲಿ ರಕ್ತ ಅಥವಾ ಜ್ವರ ಇದ್ದರಂತೂ ಯಾವ ವಯಸ್ಸಿನ ಮಗುವಿಗೂ ಸಲ್ಲದು: ಕೆಲವು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾಗಳ ವಿಷ ಕರುಳಿನಲ್ಲೇ ಹೆಚ್ಚು ಹೊತ್ತು ಉಳಿದರೆ ಮೂತ್ರಪಿಂಡ ಕೆಡುವ ಅಪಾಯ ಏರುತ್ತದೆ. ಭೇದಿಗೆ ಬಳಸುವ ಇನ್ನೊಂದು ಔಷಧಿ ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ಸಂಬಂಧಿ. ಫ್ಲೂ, ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಇರುವ ಮಕ್ಕಳಲ್ಲಿ ಅದು ಯಕೃತ್ತು ಮತ್ತು ಮಿದುಳನ್ನು ಕೆಡಿಸುವ ರೇ ಸಿಂಡ್ರೋಮ್‌ನ ಭಯ ತರುತ್ತದೆ. ರೇಸಿಕ್ಯಾಡೊಟ್ರಿಲ್ ಎಂಬ ಮತ್ತೊಂದು ಭೇದಿ ಔಷಧಿ ಕರುಳಿನ ಚಲನೆಯನ್ನು ತಡೆಯದೆ ನೀರು ಸ್ರವಿಸುವುದನ್ನಷ್ಟೇ ತಗ್ಗಿಸುತ್ತದೆ. ಆದರೂ ಅದನ್ನು ವೈದ್ಯರೇ ತೂಕ ನೋಡಿ ಬರೆಯಬೇಕು, ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಜೊತೆಗೇ ಕೊಡಬೇಕು.

ನಿಜವಾದ ಔಷಧಿ ಓಆರ್‌ಎಸ್. ಭೇದಿಯ ಹೊತ್ತಿನಲ್ಲೂ ಕರುಳಿನ ಜೀವಕೋಶಗಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿ ಹೀರಿಕೊಳ್ಳಬಲ್ಲವು. ಅವುಗಳ ಬೆನ್ನಿಗೇ ನೀರೂ ಒಳಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 1 ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಈ ಅಳತೆ ತಪ್ಪಬಾರದು. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪುಡಿ ಹಾಕಿ. ನೀರು ಕಡಿಮೆಯಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ರುಚಿಗೆಂದು ಸಕ್ಕರೆ ಬೆರೆಸಿದರೆ, ತಂಪುಪಾನೀಯ ಕುಡಿಸಿದಾಗ ಆಗುವಂತೆಯೇ, ಆ ಸಿಹಿ ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆದು ಭೇದಿ ಜಾಸ್ತಿಯಾಗುತ್ತದೆ. ಕಲಸಿ 24 ಗಂಟೆ ಕಳೆದದ್ದನ್ನು ಚೆಲ್ಲಿ.

ಪ್ರತಿ ಸಲ ಭೇದಿಯಾದಾಗ 2 ವರ್ಷದೊಳಗಿನವರಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿಲೀಟರ್. ವಾಂತಿಯಾದರೆ ಕೈಬಿಡಬೇಡಿ, 10 ನಿಮಿಷ ಕಾದು, ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬಾರದು. ಜೊತೆಗೆ ಸತು, ಅಂದರೆ ಜಿಂಕ್: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿಲಿಗ್ರಾಂ, 10ರಿಂದ 14 ದಿನ ಕೊಡಬೇಕೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಶಿಫಾರಸು ಮಾಡಿದವು. ಭೇದಿ ನಿಂತ ಕೂಡಲೇ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಹಾಗೆ ಬಿಡಬೇಡಿ, ಪೂರ್ತಿ ಕೊಟ್ಟರೆ ಮುಂದಿನ ಕೆಲವು ತಿಂಗಳಲ್ಲಿ ಮತ್ತೆ ಭೇದಿಯಾಗುವ ಸಂಭವ ತಗ್ಗುತ್ತದೆ.

ಕಣ್ಣು ಗುಳಿಬಿದ್ದರೆ, 6 ಗಂಟೆಯಿಂದ ಮೂತ್ರ ಹೋಗಿಲ್ಲದಿದ್ದರೆ, ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. 3 ತಿಂಗಳೊಳಗಿನ ಕೂಸಾದರೆ ಈ ಯಾವ ಲಕ್ಷಣಕ್ಕೂ ಕಾಯಬೇಡಿ.

ಇನ್ನೊಂದು ಅಪಾಯ ಮನೆಯ ಔಷಧಿ ಡಬ್ಬಿಯಲ್ಲೇ ಇದೆ. ಡೈಫಿನಾಕ್ಸಿಲೇಟ್ ಮತ್ತು ಅಟ್ರೋಪಿನ್ ಬೆರೆತ ಭೇದಿ ಮಾತ್ರೆ ಪುಟ್ಟ ಮಕ್ಕಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷವಾಗಬಲ್ಲದು. ಹೊಟ್ಟೆ ಖಾಲಿಯಾಗುವುದನ್ನು ಅಟ್ರೋಪಿನ್ ನಿಧಾನ ಮಾಡುವುದರಿಂದ ವಿಷದ ಲಕ್ಷಣ ಹಲವು ಗಂಟೆ ತಡವಾಗಿ ಕಾಣಿಸಬಹುದು, ಒಮ್ಮೆ ಸುಧಾರಿಸಿದ ಉಸಿರಾಟ ಮತ್ತೆ ಕುಸಿಯಬಹುದು. ಮಗು ಅದನ್ನು ನುಂಗಿದೆ ಎಂಬ ಅನುಮಾನ ಬಂದರೂ ಸಾಕು: ವಾಂತಿ ಮಾಡಿಸಲು ಹೋಗದೆ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಧಾವಿಸಿ. ಅಲ್ಲಿ ನಾಲೋಕ್ಸೋನ್ ಎಂಬ ಪ್ರತಿಮದ್ದು ಇರುತ್ತದೆ. ಮಗು ಆಡಿಕೊಂಡಿದೆ ಎಂದು ಬೇಗ ಮನೆಗೆ ಕರೆತರಬೇಡಿ. ಕನಿಷ್ಠ 24 ಗಂಟೆ ಅದು ವೈದ್ಯರ ಕಣ್ಣೆದುರೇ ಇರಬೇಕು.